ಎರಡು ಬರ್ಪೆ

ನಾನು ವೃತ್ತಿಯಿಂದ ಕಟ್ಟಡಗಳ ನಕ್ಷೆ ಬರೆಯುವವನು. ಗೆರೆ ಕಾಗದದ ಮೇಲೆ ಇರುತ್ತದೆ, ಇಲ್ಲವೇ ಇರುವುದಿಲ್ಲ. ಇದ್ದೂ ಇಲ್ಲದ ಗೆರೆಯನ್ನು ನಾನು ಕಂಡವನಲ್ಲ. ಹಾಗಾಗಿ ಯಾರಾದರೂ ‘ನನಗೊಂದು ವಿಚಿತ್ರ ಅನುಭವವಾಯಿತು’ ಎಂದು ಮಾತು ತೆಗೆದರೆ ನನ್ನ ಮುಖದ ಮೇಲೆ ಒಂದು ನಗು ಬಂದುಬಿಡುತ್ತಿತ್ತು. ನನ್ನ ಹೆಂಡತಿಗೆ ಆ ನಗು ಕಂಡರೆ ಆಗುತ್ತಿರಲಿಲ್ಲ. ಹೇಳುವವರು ಸುಳ್ಳು ಹೇಳುತ್ತಾರೆ ಎಂದು ನಾನು ಅಂದುಕೊಂಡವನಲ್ಲ. ಸರಿಯಾಗಿ ನೋಡಿಲ್ಲ, ಸರಿಯಾಗಿ ಕೇಳಿಸಿಕೊಂಡಿಲ್ಲ, ಅಷ್ಟೇ ಎಂಬುದು ನನ್ನ ತೀರ್ಮಾನವಾಗಿತ್ತು. ಈಗ ನೀವು ನನ್ನ ಬಗ್ಗೆಯೂ ಅದೇ ಮಾತು ಹೇಳಬಹುದು. ಹೇಳಿ, ನನಗೆ ಬೇಸರವಿಲ್ಲ. ‘ಸರಿಯಾಗಿ ಕೇಳಿಸಿಕೊಂಡಿಲ್ಲ’ ಎಂಬುದು ನನ್ನ ವಿಷಯದಲ್ಲಿ ಎಷ್ಟು ನಿಜ ಎಂಬುದು ಮುಂದೆ ನಿಮಗೇ ತಿಳಿಯುತ್ತದೆ.

ಎಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಹೆಂಡತಿ ಮಕ್ಕಳನ್ನು ಮೈಸೂರಿನಲ್ಲಿ ಬಿಟ್ಟು ಒಮಾನಿನಲ್ಲಿ ಒಬ್ಬನೇ ಇದ್ದೆ. ಘಾಲಾದಲ್ಲಿ ಕಚೇರಿ, ಅಲ್ ಹೈಲ್‌ನಲ್ಲಿ ವಾಸ. ನನ್ನ ಕೋಣೆಯ ಕೆಳಗಿನ ಮನೆಯಲ್ಲಿ ದಯಾನಂದ ಮತ್ತು ಅವನ ಹೆಂಡತಿ ಶಶಿಕಲಾ ಇದ್ದರು. ದಯಾನಂದ ನಮ್ಮದೇ ಕಂಪನಿಯ ಉಗ್ರಾಣ ನೋಡಿಕೊಳ್ಳುತ್ತಿದ್ದ. ಇಬ್ಬರೂ ಮೂಲ್ಕಿ ಕಡೆಯವರು, ಮನೆಮಾತು ತುಳು. ನನ್ನೊಡನೆ ಮಾತ್ರ ಅವರ ಊರಿನ ಕನ್ನಡ. ಅವರ ಪಾಲಿಗೆ ನನ್ನ ಹೆಸರೇ ‘ಮೈಸೂರು ಸರ್’.

ಊರಿನಿಂದ ಯಾರಾದರೂ ವಿಸಿಟ್ ವೀಸಾದಲ್ಲಿ ಬಂದರೆ ಅವರಿಗೆ ಸಂಜೆ ಏನು ತೋರಿಸುವುದು ಎಂಬುದು ಆಗ ದೊಡ್ಡ ಸಮಸ್ಯೆ. ಸಮುದ್ರ, ಕೋಟೆ, ಸೂಕ್ ಎನ್ನುವ ಹಳೆಯ ಪೇಟೆ, ಮೂರು ದಿನಕ್ಕೆ ಮುಗಿಯುತ್ತಿದ್ದವು. ಉಳಿದದ್ದು ರೂವಿಯ ಕಡೆಯ ಬಯಲು ಚಿತ್ರಮಂದಿರ. ಮೇಲೆ ಸೂರಿಲ್ಲ, ಆಕಾಶವೇ ಸೂರು, ಹಿಂದಿ ಸಿನಿಮಾ. ಇಲ್ಲದಿದ್ದರೆ ಬಾಡಿಗೆಯ ವೀಡಿಯೊ ಕ್ಯಾಸೆಟ್ಟು. ವರ್ಷಕ್ಕೆ ಒಮ್ಮೆಯೋ ಎರಡು ಸಲವೋ ನಮ್ಮವರೇ ಆಡುವ ನಾಟಕ. ನನಗೆ ಮನೆಯಲ್ಲಿ ಕಾಯುವವರಿರಲಿಲ್ಲ, ಹಳೆಯ ಕಾರೊಂದಿತ್ತು, ನಾಟಕ ಸಿನಿಮಾದ ಹುಚ್ಚೂ ಇತ್ತು. ಹೀಗಾಗಿ ಕಟ್ಟಡದಲ್ಲಿ ಯಾರ ಮನೆಗೆ ನೆಂಟರು ಬಂದರೂ ಅವರನ್ನು ಕರೆದೊಯ್ಯುವ ಕೆಲಸ ನನ್ನ ತಲೆಗೇ ಬರುತ್ತಿತ್ತು.

ಶಶಿಕಲಾ ಅವರ ತಾಯಿ ಕಮಲಕ್ಕ ಬಂದಾಗಲೂ ಹಾಗೇ ಆಯಿತು. ಅರವತ್ತರ ಹತ್ತಿರದ ಹೆಂಗಸು, ಗಟ್ಟಿ ಮೈಕಟ್ಟು, ಮಾತು ಕಡಿಮೆ. ಬಂದ ಮೊದಲ ಶುಕ್ರವಾರವೇ ಮೂವರನ್ನೂ ಕಾರಿನಲ್ಲಿ ಹತ್ತಿಸಿಕೊಂಡು ಸಿನಿಮಾಕ್ಕೆ ಹೋದೆ. ಶುಕ್ರವಾರ ರಜೆ, ಕ್ಯಾಂಪುಗಳಿಂದ ಬಸ್ಸುಗಟ್ಟಲೆ ಕೆಲಸಗಾರರು ಬಂದಿದ್ದರು. ಪರದೆಯ ಮೇಲೆ ಹಾಡು, ಹೊಡೆದಾಟ, ಅಳು ಎಲ್ಲ ನಡೆದವು. ಕಮಲಕ್ಕ ಒಂದು ಸಲವೂ ಪರದೆ ನೋಡಲಿಲ್ಲ. ಕುರ್ಚಿಯಲ್ಲಿ ಓರೆಯಾಗಿ ಕೂತು, ಪರದೆಯ ಬೆಳಕು ಜನರ ಮೇಲೆ ಬಿದ್ದಾಗಲೆಲ್ಲ ಒಂದೊಂದೇ ಸಾಲಿನ ಮುಖಗಳನ್ನು ನೋಡುತ್ತಿದ್ದರು.

ಹಿಂದಿರುಗುವಾಗ ನಾನು, “ಸಿನಿಮಾ ಹಿಡಿಸಲಿಲ್ವೇನಮ್ಮಾ?” ಎಂದೆ.

“ಸಿನೆಮ ಊರಲ್ಲೂ ಉಂಟಲ್ಲ ಮಗ,” ಎಂದರು. “ನಾನು ಜನ ನೋಡ್ಲಿಕ್ಕೆ ಬಂದದ್ದು. ಎಲ್ರೂ ಬರುವ ಜಾಗ ಇದೊಂದೇ ಅಂತ ನೀವೇ ಹೇಳಿದ್ರಲ್ಲ.”

ಮರುದಿನ ಕಚೇರಿಯಲ್ಲಿ ದಯಾನಂದ ವಿಷಯ ಹೇಳಿದ. ಕಮಲಕ್ಕನ ಮಗ ವಸಂತ ಒಮಾನಿನಲ್ಲೇ ಇದ್ದ. ಒಳನಾಡಿನ ಮರಳುಗಾಡಿನಲ್ಲಿ ಒಂದು ಕಂಪನಿಯ ಟ್ರೈಲರ್ ಓಡಿಸುತ್ತಿದ್ದ. ಮೂರು ವರ್ಷದ ಹಿಂದೆ ಅವನ ತಂದೆ ತೀರಿಕೊಂಡಾಗ ಕಫೀಲ್, ಅಂದರೆ ಅವನ ವೀಸಾದ ಹೊಣೆ ಹೊತ್ತ ಅಲ್ಲಿನ ಮಾಲೀಕ, ದೇಶದಲ್ಲಿರಲಿಲ್ಲ. ವಸಂತನ ಪಾಸ್‌ಪೋರ್ಟ್ ಆತನ ಪೆಟ್ಟಿಗೆಯಲ್ಲಿ ಬೀಗದೊಳಗಿತ್ತು. ಆತ ಬರುವಷ್ಟರಲ್ಲಿ ಊರಿನಲ್ಲಿ ಉತ್ತರಕ್ರಿಯೆಯೂ ಮುಗಿದಿತ್ತು. ಆ ದುಃಖದಲ್ಲಿ ತಾಯಿಗೆ ಕಫೀಲ್ ಯಾರು, ಬೀಗ ಯಾವುದು ಎಂದು ಅರ್ಥವಾಗುವುದಾದರೂ ಹೇಗೆ? ಆಗೆಲ್ಲ ಊರಿನ ಪತ್ರ ಎಂದರೆ ಕ್ಯಾಸೆಟ್ಟು. ರಜೆ ಮುಗಿಸಿ ಬರುವವರ ಕೈಯಲ್ಲಿ ಉಪ್ಪಿನಕಾಯಿಯ ಜೊತೆ ಮನೆಯವರ ದನಿಯೂ ಬರುತ್ತಿತ್ತು. ಕಮಲಕ್ಕ ಕಳಿಸಿದ ಆ ಸಲದ ಕ್ಯಾಸೆಟ್ಟಿನ ಕೊನೆಯಲ್ಲಿ ಒಂದು ಮಾತಿತ್ತು: “ನನ ಬರೊಡ್ಚಿ.” ಇನ್ನು ಬರುವುದು ಬೇಡ.

ಕೋಪದಲ್ಲಿ ಎದುರಿಗೇ ಹೇಳಿದ್ದರೆ ಸಂಜೆಯೊಳಗೆ ಮರೆತುಹೋಗುತ್ತಿತ್ತೇನೋ. ಇದು ಟೇಪಿನಲ್ಲಿ ಕೂತುಬಿಟ್ಟಿತು. ವಸಂತ ಅದನ್ನು ಕೇಳಿದ ಮೇಲೆ ಊರಿಗೆ ಹೋಗಲಿಲ್ಲ, ಒಂದು ಸಾಲು ಬರೆಯಲೂ ಇಲ್ಲ. ಭಾವ ಸಿಕ್ಕಿದರೆ ‘ಅಮ್ಮ ಹೇಗಿದ್ದಾರೆ’ ಎಂದು ಕೇಳುವುದು, ಅಷ್ಟೇ. ಕಮಲಕ್ಕ ಮಗಳ ಮನೆ ನೋಡುವ ನೆಪದಲ್ಲಿ ಬಂದದ್ದು ಆ ಒಂದು ಮಾತನ್ನು ವಾಪಸು ತೆಗೆದುಕೊಳ್ಳಲು. ತಮ್ಮ ಬಾಯಿಂದಲೇ ಮಗನಿಗೆ “ಬಲ” ಎನ್ನಬೇಕು. ಬಲ ಎಂದರೆ ತುಳುವಿನಲ್ಲಿ ಬಾ ಎಂದು. ಇನ್ನೊಬ್ಬರ ಕೈಯಲ್ಲಿ ಹೇಳಿ ಕಳಿಸಲು ಅವರು ಒಪ್ಪಲಿಲ್ಲ. ಹೇಳಿ ಕಳಿಸಿದ ಮಾತಿನಿಂದ ಆದದ್ದೇ ಸಾಕಾಗಿದೆ ಎನ್ನುತ್ತಿದ್ದರು. ಕ್ಯಾಂಪಿಗೆ ಹೆಂಗಸರು ಹೋಗುವಂತಿರಲಿಲ್ಲ. ಅಮ್ಮ ಬಂದಿದ್ದಾರೆ ಎಂದು ದಯಾನಂದ ಸೈಟ್ ಆಫೀಸಿನ ಮೂಲಕ ಎರಡು ಸಲ ಸುದ್ದಿ ಮುಟ್ಟಿಸಿದ. ಎರಡು ಸಲವೂ ಬಂದ ಉತ್ತರ “ನೋಡುವ” ಎಂದಷ್ಟೇ.

ಕಮಲಕ್ಕ ಹೊರಡುವ ಹಿಂದಿನ ದಿನ, ಶುಕ್ರವಾರ, ತುಳು ನಾಟಕ ನಿಗದಿಯಾಗಿತ್ತು. ದಯಾನಂದನೇ ಅದರ ಮುಖ್ಯ ಪಾತ್ರ. ‘ನಾಟಕಕ್ಕೆ ಬಾ, ಅಮ್ಮ ಶನಿವಾರ ಹೊರಡುತ್ತಾರೆ’ ಎಂದು ಅವನು ವಸಂತನಿಗೆ ಕೊನೆಯದಾಗಿ ಹೇಳಿ ಕಳಿಸಿದ.

ಇಲ್ಲಿ ನಾನು ಈ ಕಥೆಯೊಳಗೆ ಬಂದೆ. ನಾಟಕಕ್ಕೆ ಪ್ರತಿವರ್ಷ ಮರೆಯಲ್ಲಿ ಕೂತು ಮಾತು ನೆನಪಿಸುತ್ತ ಪ್ರಾಂಪ್ಟ್ ಮಾಡುತ್ತಿದ್ದವರು ರಜೆಯಲ್ಲಿ ಊರಿಗೆ ಹೋಗಿದ್ದರು. ಪಾತ್ರಧಾರಿಗಳನ್ನು ಬಿಟ್ಟರೆ ತುಳು ಬಲ್ಲ ಬೇರೆಯವರಿಗೆಲ್ಲ ವೇದಿಕೆಯ ಒಂದೊಂದು ಕೆಲಸ. ತುಳುವನ್ನು ಬರೆಯುವುದು ಕನ್ನಡ ಲಿಪಿಯಲ್ಲಿ. “ನಿಮ್ಗೆ ಓದ್ಲಿಕ್ಕೆ ಬರ್ತದಲ್ಲ ಮಾರಾಯ್ರೆ, ಅರ್ಥ ಕಟ್ಟಿಕೊಂಡು ಎಂತ ಮಾಡ್ಲಿಕ್ಕುಂಟು?” ಎಂದು ದಯಾನಂದ ನಾಟಕದ ನೋಟ್‌ಬುಕ್ಕನ್ನು ನನ್ನ ಕೈಗೆ ತುರುಕಿದ. ಹೀಗೆ ಒಂದು ಶಬ್ದ ತುಳು ಬಾರದ ನಾನು ತುಳು ನಾಟಕದ ಪ್ರಾಂಪ್ಟರ್ ಆದೆ. ಇಂಥ ಸಾಹಸ ಪರದೇಶದಲ್ಲಿ ಮಾತ್ರ ಸಾಧ್ಯ.

ರಿಹರ್ಸಲ್ ದಯಾನಂದನ ಮನೆಯ ಹಾಲಿನಲ್ಲಿ. ನಾನು ಬಾಯಿ ಬಿಟ್ಟರೆ ಅಡುಗೆಮನೆಯಿಂದ ನಗು ಕೇಳಿಸುತ್ತಿತ್ತು. ಅತಿ ಹೆಚ್ಚು ತೊಂದರೆ ಕೊಟ್ಟದ್ದು ಒಂದು ಸಣ್ಣ ಶಬ್ದ, ‘ಬರ್ಪೆ’. ನಾಟಕದಲ್ಲಿ ಮುಂಬಯಿಗೆ ಹೋದ ಮಗನ ದಾರಿ ಕಾಯುವ ತಾಯಿ ಬಾಗಿಲಲ್ಲಿ ನಿಂತಿರುತ್ತಾಳೆ. ತಂದೆ, ಅಂದರೆ ದಯಾನಂದ, “ಆಯೆ ಬರ್ಪೆ” ಎನ್ನಬೇಕು. ಅವನು ಬರುತ್ತಾನೆ ಎಂದರ್ಥ. ನಾನು ಹಾಗೇ ಓದಿದೆ. ಎಲ್ಲರೂ ಬಿದ್ದುಬಿದ್ದು ನಕ್ಕರು. ಯಾಕೆಂದರೆ ತುಳುವಿನಲ್ಲಿ ಎರಡು ಬರ್ಪೆ ಇವೆ. ‘ನಾನು ಬರುತ್ತೇನೆ’ ಎಂಬುದೂ ಬರ್ಪೆಯೇ, ‘ಅವನು ಬರುತ್ತಾನೆ’ ಎಂಬುದೂ ಬರ್ಪೆಯೇ. ಬರೆಯುವಾಗ ಎರಡೂ ಒಂದೇ, ಹೇಳುವಾಗ ಕೊನೆಯ ಸ್ವರ ಬೇರೆ.

“ಬಾಯಿ ಸ್ವಲ್ಪ ಅಗಲ ಮಾಡಿ, ಆಗ ‘ನಾನು ಬರ್ತೇನೆ’. ಬಾಯಿ ಸಣ್ಣ ಮಾಡಿ, ‘ಅವ ಬರ್ತಾನೆ’. ಇಷ್ಟೇ ಅಲ್ವಾ ಸರ್?” ಎಂದ ದಯಾನಂದ.

ಇಷ್ಟೇ. ಆದರೆ ನನ್ನ ಕಿವಿಗೆ ಎರಡೂ ಒಂದೇ ಕೇಳಿಸುತ್ತಿದ್ದವು. ನನ್ನ ಬಾಯಿಂದ ಎರಡರ ನಡುವಿನ ಮೂರನೆಯದೊಂದು ಹೊರಡುತ್ತಿತ್ತಂತೆ. ಕಮಲಕ್ಕ ಒಳಗಿನಿಂದ ಎದ್ದು ಬಂದು ನನ್ನೆದುರು ಕೂತು, ಮಗುವಿಗೆ ಕಲಿಸುವ ಹಾಗೆ ಹತ್ತು ಸಲ ಹೇಳಿಕೊಟ್ಟರು. ಹತ್ತು ಸಲವೂ ನಾನು ತಪ್ಪಿದೆ. ಕೊನೆಗೆ ಅವರೇ ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಅವರು ಒಮಾನಿಗೆ ಬಂದ ಮೇಲೆ ನಕ್ಕದ್ದು ಅದೇ ಮೊದಲು ಎಂದು ಶಶಿಕಲಾ ಆಮೇಲೆ ಹೇಳಿದರು. ನನ್ನ ಮಾನ ಹೋದದ್ದಕ್ಕೆ ಅಷ್ಟಾದರೂ ಫಲ ಸಿಕ್ಕಿತಲ್ಲ ಎಂದು ನನಗೆ ಸಂತೋಷವೇ ಆಯಿತು.

ನಾಟಕ ಸೀಬ್ ಕಡೆಯ ಒಂದು ಸಭಾಂಗಣದಲ್ಲಿ, ಸಂಜೆ ಆರಕ್ಕೆ. ಜನ ಚೆನ್ನಾಗಿ ಸೇರಿದ್ದರು. ಕಮಲಕ್ಕ ಮೂರನೆಯ ಸಾಲಿನ ಅಂಚಿನಲ್ಲಿ ಕೂತು, ಪಕ್ಕದ ಕುರ್ಚಿಯ ಮೇಲೆ ತಮ್ಮ ಕೈಚೀಲ ಇಟ್ಟಿದ್ದರು. ಅದರಾಚೆ ಶಶಿಕಲಾ. ಕೂರಲು ಬಂದವರಿಗೆಲ್ಲ ಕಮಲಕ್ಕ “ಜನ ಉಂಟು” ಎನ್ನುತ್ತಿದ್ದರು. ಮೂರನೆಯ ಗಂಟೆ ಹೊಡೆಯುವವರೆಗೂ ಆ ಕುರ್ಚಿಗೆ ಜನ ಬರಲಿಲ್ಲ. ಪರದೆಯ ಸಂದಿಯಿಂದ ಅದನ್ನು ನೋಡಿ ನನಗೆ ವಸಂತನ ಮೇಲೆ ಸಿಟ್ಟು ಬಂತು. ಮೂರು ವರ್ಷದ ಮುನಿಸನ್ನು ಒಂದು ಸಂಜೆಯ ಮಟ್ಟಿಗೆ ಬದಿಗಿಡಲು ಆಗುವುದಿಲ್ಲವೇ?

ನನ್ನ ಜಾಗ ವೇದಿಕೆಯ ಎಡಮೂಲೆ. ಒಂದು ಸ್ಟೂಲು, ಒಂದು ಟಾರ್ಚು, ತೊಡೆಯ ಮೇಲೆ ನೋಟ್‌ಬುಕ್ಕು. ಬಲಕ್ಕೆ ಪರದೆ, ಅದರಾಚೆ ನಟರು. ಎಡಕ್ಕೆ ಗೋಡೆ. ಗೋಡೆಗೂ ನನ್ನ ಭುಜಕ್ಕೂ ನಡುವೆ ಒಂದು ಕುರ್ಚಿ ಹಿಡಿಯುವಷ್ಟೂ ಜಾಗವಿರಲಿಲ್ಲ. ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ ಎಂಬುದು ಈಗ ತಿಳಿಯುತ್ತದೆ. ಕೆಲಸದ ಅಭ್ಯಾಸದಂತೆ ನಾನು ಪ್ರತಿ ದೃಶ್ಯದ ಬದಿಗೆ ಗಡಿಯಾರ ನೋಡಿ ಸಮಯ ಬರೆಯುತ್ತಿದ್ದೆ. ಬಾಗಿಲಿನ ದೃಶ್ಯ ಬಂದಾಗ ಬರೆದದ್ದು ಏಳು ಹತ್ತು. ಆ ಪುಟ ಈಗಲೂ ನನ್ನ ಹತ್ತಿರ ಇದೆ.

ತಾಯಿಯ ವೇಷ ಹಾಕಿದ್ದ ಹುಡುಗ ಬಾಗಿಲಿಗೆ ಕೈ ಕೊಟ್ಟು ನಿಂತ. ದಯಾನಂದ ಕನ್ನಡಕ ಮೇಲಕ್ಕೆ ತಳ್ಳಿದ. ಮಾತು ಮರೆತಾಗ ಅವನು ಮಾಡುವ ಸನ್ನೆ ಅದು. ನಾನು “ಆಯೆ ಬರ್ಪೆ” ಎಂದು ಓದಿದೆ. ಅವನು ಸುಮ್ಮನೆ ನಿಂತಿದ್ದ. ಸ್ವಲ್ಪ ಜೋರಾಗಿ ಇನ್ನೊಮ್ಮೆ ಓದಿದೆ. ಆಗ ನನಗೆ ಗೊತ್ತಾಯಿತು, ನನ್ನ ದನಿ ನನಗೇ ಕೇಳಿಸುತ್ತಿಲ್ಲ. ಬಾಯಿ ಆಡುತ್ತಿದೆ, ಗಂಟಲು ಅದುರುತ್ತಿದೆ, ಉಸಿರು ಹೊರಗೆ ಹೋಗುತ್ತಿದೆ, ಸದ್ದು ಮಾತ್ರ ಇಲ್ಲ. ಕಿವುಡಾದೆನೇ ಎಂದುಕೊಂಡರೆ ಸಭೆಯಲ್ಲಿ ಯಾರೋ ಕೆಮ್ಮಿದ್ದು ಚೆನ್ನಾಗಿ ಕೇಳಿಸಿತು.

ಆಗ ನನ್ನ ಎಡಕಿವಿಯ ಪಕ್ಕ, ಗೋಡೆಯ ಕಡೆಯಿಂದ, ಒಬ್ಬ ಗಂಡಸು “ಬರ್ಪೆ” ಎಂದ.

ಪಿಸುಮಾತಲ್ಲ. ಇಂಜಿನ್ನಿನ ಸದ್ದಿನ ನಡುವೆ ಮಾತಾಡುವವರು ತುಸು ದನಿ ಏರಿಸಿ ಹೇಳುತ್ತಾರಲ್ಲ, ಹಾಗೆ. ದಣಿದ ದನಿ. ನಾನು ತಟ್ಟನೆ ತಿರುಗಿದೆ. ಗೋಡೆ ಇತ್ತು. ಟಾರ್ಚಿನ ಬೆಳಕು ಬಿಟ್ಟೆ, ಸುಣ್ಣ ಬಳಿದ ಗೋಡೆ, ಒಂದು ಮೊಳೆ, ಇನ್ನೇನೂ ಇಲ್ಲ.

ಅಷ್ಟರಲ್ಲಿ ವೇದಿಕೆಯ ಮೇಲೆ ದಯಾನಂದ, ಕೇಳಿದ್ದನ್ನು ಕೇಳಿದ ಹಾಗೇ ಹೇಳುವ ಅವನ ಅಭ್ಯಾಸದಂತೆ, “ಬರ್ಪೆ” ಎಂದುಬಿಟ್ಟ. ಆಮೇಲೆ ನನಗೆ ತಿಳಿದಂತೆ, ನಾನು ಬರುತ್ತೇನೆ ಎಂಬ ಬರ್ಪೆ. ಮಗನ ಬದಲು ತಂದೆಯೇ ‘ಬರುತ್ತೇನೆ’ ಎಂದರೆ ಎಲ್ಲಿಗೆ? ಹಿಂದಿನ ಸಾಲುಗಳಲ್ಲಿ ನಗು ಎದ್ದಿತು. ಆ ನಗುವಿನ ನಡುವೆ ಮೂರನೆಯ ಸಾಲಿನಲ್ಲಿ ಕಮಲಕ್ಕ ಎದ್ದು ನಿಂತರು. ಅವರು ದಯಾನಂದನನ್ನು ನೋಡುತ್ತಿರಲಿಲ್ಲ. ನಾನು ಕೂತ ಮೂಲೆಯ ಕಡೆ ನೋಡುತ್ತಿದ್ದರು. ಗದ್ದೆಯ ಆಚೆ ಬದಿಯಲ್ಲಿರುವವರನ್ನು ಕರೆಯುವಷ್ಟು ದೊಡ್ಡ ದನಿಯಲ್ಲಿ “ಬಲ!” ಎಂದರು. ಸಭೆ ಗಪ್ಪಾಯಿತು. ಶಶಿಕಲಾ ಅವರನ್ನು ಕೈಹಿಡಿದು ಕೂರಿಸಿದರು. ಕೂತ ಕಮಲಕ್ಕ ನಿಧಾನವಾಗಿ ಪಕ್ಕದ ಕುರ್ಚಿಯ ಮೇಲಿದ್ದ ಕೈಚೀಲವನ್ನು ತೆಗೆದು ತಮ್ಮ ಮಡಿಲಲ್ಲಿಟ್ಟುಕೊಂಡರು.

ವಿರಾಮದಲ್ಲಿ ದಯಾನಂದ ನೇರ ನನ್ನ ಮೂಲೆಗೆ ಬಂದ. ಮುಖದ ಬಣ್ಣ ಬೆವರಿಗೆ ಇಳಿಯುತ್ತಿತ್ತು.

“ಅವ ಎಲ್ಲಿ?” ಎಂದ.

“ಯಾರ್ರೀ?”

“ವಸಂತ, ಮಾರಾಯ್ರೆ! ನಿಮ್ಮ ಹತ್ರ ನಿಂತು ಹೇಳ್ಲಿಲ್ವಾ? ನನ್ಗೆ ಅವನ ಸ್ವರ ಗೊತ್ತಿಲ್ವಾ?”

ನನ್ನ ದನಿ ಕೇಳಿಸಿತೇ ಎಂದು ಕೇಳಿದೆ. ಇಲ್ಲ ಎಂದ. ತುಂಬ ಹೊತ್ತು ಕಾದೆ, ನೀವು ಸಾಲು ತಪ್ಪಿಸಿಕೊಂಡಿರಿ ಎಂದುಕೊಂಡೆ, ಆಮೇಲೆ ವಸಂತ ಹೇಳಿದ, ಅದನ್ನೇ ನಾನೂ ಹೇಳಿದೆ ಎಂದ. ಇಬ್ಬರೂ ಗೋಡೆ ನೋಡಿದೆವು. ಹೊರಗೆ ಹೋಗಿ ನೋಡಿದೆವು. ವಸಂತ ಎಲ್ಲೂ ಇರಲಿಲ್ಲ. ದಯಾನಂದನಿಗೆ ಏನು ಹೊಳೆದಿತ್ತೋ ಅದೇ ನನಗೂ ಹೊಳೆದಿತ್ತು. ಆಗಿನ ರಸ್ತೆಗಳು, ಆ ಟ್ರೈಲರುಗಳು, ಆಗಾಗ ಕೇಳಿಬರುತ್ತಿದ್ದ ಅಪಘಾತಗಳು. ನಾಟಕ ನಿಲ್ಲಿಸುವಂತಿರಲಿಲ್ಲ, ಮತ್ತೆ ಗಂಟೆ ಹೊಡೆಯಿತು.

ಎರಡನೆಯ ಭಾಗ ಹೇಗೆ ಓದಿದೆನೋ ನನಗೆ ಗೊತ್ತಿಲ್ಲ. ದನಿ ಮರಳಿ ಬಂದಿತ್ತು. ನಡುವೆ ಒಮ್ಮೆ ಪರದೆಯ ಸಂದಿಯಿಂದ ನೋಡಿದಾಗ ಆ ಕುರ್ಚಿಯಲ್ಲಿ ಒಬ್ಬ ಕೂತಿದ್ದ. ತಲೆಗೂದಲಲ್ಲಿ ಧೂಳು, ಕಂಪನಿಯ ನೀಲಿ ಅಂಗಿ, ಕೈ ಕಮಲಕ್ಕನ ಕೈಯೊಳಗೆ. ನಾನು ವಸಂತನನ್ನು ಅದುವರೆಗೆ ನೋಡಿರಲಿಲ್ಲ. ಇವನು ನಿಜವಾಗಿ ಇದ್ದಾನೆಯೇ ಎಂದು ನನಗೆ ಅನುಮಾನ. ಓದುವುದನ್ನು ಬಿಟ್ಟು ನೋಡುತ್ತಲೇ ಇದ್ದೆ. ಒಬ್ಬಳು ಪುಟ್ಟ ಹುಡುಗಿ ಓಡಿಬಂದು ಅವನ ಮೊಣಕಾಲು ತಾಗಿ ಎಡವಿದಳು. ಅವನು ಅವಳನ್ನು ಎತ್ತಿ ನಿಲ್ಲಿಸಿದ. ಆಗ ನನಗೆ ಉಸಿರು ಬಂತು.

ನಾಟಕ ಮುಗಿದ ಮೇಲೆ ದಯಾನಂದ ನನ್ನನ್ನು ಅವನಿಗೆ ಪರಿಚಯ ಮಾಡಿಸಿದ. ನಾನು, “ಬಂದ್ರಲ್ಲಪ್ಪಾ, ಸದ್ಯ,” ಎಂದೆ ಅಷ್ಟೇ. ವಸಂತ ಎರಡು ಹೆಜ್ಜೆ ಹಿಂದಕ್ಕೆ ಸರಿದ.

“ಸರ್, ಇದೇ ಸ್ವರ,” ಎಂದ. “ನೀವು ಒಮ್ಮೆ ‘ಆಯೆ ಬರ್ಪೆ’ ಹೇಳಿ.”

ಹೇಳಿದೆ. ಅವನ ಮುಖ ಬಿಳಿಚಿಕೊಂಡಿತು. ಅವನು ಹೇಳಿದ್ದನ್ನು ಇಲ್ಲಿ ನನ್ನ ಮಾತಿನಲ್ಲಿ ಬರೆಯುತ್ತೇನೆ. ಆ ಸಂಜೆ ಅವನು ಘಾಲಾದ ಗೋದಾಮಿನಲ್ಲಿ ಸಾಮಾನು ಇಳಿಸಿ ಮತ್ತೆ ಒಳನಾಡಿಗೆ ಹೊರಟಿದ್ದ. ನಾಟಕಕ್ಕೆ ಬರಬಾರದು ಎಂದು ಗಟ್ಟಿ ಮಾಡಿಕೊಂಡಿದ್ದ. ವಿಮಾನ ನಿಲ್ದಾಣದ ಆಚೆ, ಗಡಿಯಾರ ಗೋಪುರದ ರೌಂಡಬೌಟಿನಲ್ಲಿ ನಿಜ್ವಾ ಕಡೆಗೆ ತಿರುಗಬೇಕು. ಗೋಪುರದ ಗಡಿಯಾರದಲ್ಲಿ ಏಳು ಹತ್ತು. ತಿರುಗುವಷ್ಟರಲ್ಲಿ ಕ್ಯಾಬಿನ್ನಿನೊಳಗೆ, ಪಕ್ಕದ ಖಾಲಿ ಸೀಟಿನಿಂದ, ಯಾರೋ “ಆಯೆ ಬರ್ಪೆ” ಎಂದರು. ತುಳುವೂ ಅಲ್ಲದ ಕನ್ನಡವೂ ಅಲ್ಲದ ದನಿ. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ, ಇನ್ನೂ ಜೋರಾಗಿ. ಹೆದರಿಕೆಯ ಜೊತೆ ಅವನಿಗೆ ನಗುವೂ ಬಂತಂತೆ, ಇದೆಂಥ ತುಳು ಎಂದು. ನಗುತ್ತ ನಗುತ್ತಲೇ ಅಳು ಬಂತು. ಯಾರಿಗೆ ಎಂದು ಗೊತ್ತಿಲ್ಲದೆ ಗಟ್ಟಿಯಾಗಿ “ಬರ್ಪೆ” ಎಂದು ಉತ್ತರ ಕೊಟ್ಟ. ರೌಂಡಬೌಟನ್ನು ಪೂರ್ತಿ ಒಂದು ಸುತ್ತು ಹೊಡೆದು ಸೀಬ್ ರಸ್ತೆ ಹಿಡಿದ.

ಇಷ್ಟು ಕೇಳಿಯೂ ಕಮಲಕ್ಕ ಒಬ್ಬರಿಗೆ ಮಾತ್ರ ಯಾವ ಆಶ್ಚರ್ಯವೂ ಆಗಲಿಲ್ಲ. ಮರುದಿನ ವಿಮಾನ ನಿಲ್ದಾಣದಲ್ಲಿ ನನ್ನ ಕೈ ಹಿಡಿದು, “ನೀವು ಕರ್ದ್ರಿ, ಅವ ಬಂದ. ಅದರಲ್ಲಿ ಎಂತ ಉಂಟು?” ಎಂದರು. ಪಕ್ಕದ ಮನೆಯಿಂದ ಹಾಲಿನವನನ್ನು ಕರೆದು ಕೊಟ್ಟ ಹಾಗೆ.

ನಾನು ಅಷ್ಟಕ್ಕೆ ಬಿಡಲಿಲ್ಲ. ನನ್ನ ಹಳೆಯ ನಗು ಎಲ್ಲಿ ಹೋಗಬೇಕು? ಬೆಂಗಳೂರಿನ ಇಂಜಿನಿಯರ್ ಮಿತ್ರರೊಬ್ಬರು, ಟ್ರೈಲರಿನ ವೈರ್‌ಲೆಸ್ ಸೆಟ್ಟಿನ ಮಾತು ಸಭಾಂಗಣದ ಸ್ಪೀಕರಿನಲ್ಲಿ ಬಂದಿರಬೇಕು, ಹಾಗೆ ಆಗುವುದುಂಟು ಎಂದರು. ಒಂದು ವಾರ ನೆಮ್ಮದಿಯಿಂದ ನಿದ್ದೆ ಮಾಡಿದೆ. ಆಮೇಲೆ ವಸಂತನನ್ನು ಕೇಳಿದರೆ, “ಸೆಟ್ಟು ಎಲ್ಲಿಂದ ಸರ್? ನನ್ನ ಗಾಡಿಯಲ್ಲಿ ರೇಡಿಯೋ ಕೂಡ ಖಲಾಸ್,” ಎಂದ. ನನ್ನ ಮೂಲೆಯಲ್ಲಿ ಸ್ಪೀಕರೂ ಇರಲಿಲ್ಲ, ಮೈಕೂ ಇರಲಿಲ್ಲ.

ನಾಟಕವನ್ನು ಮುಂದಿನ ಸಾಲಿನವರೊಬ್ಬರು ಊರಿಗೆ ಕಳಿಸಲೆಂದು ಟೇಪ್ ಮಾಡಿದ್ದರು. ಅದರ ಒಂದು ಪ್ರತಿ ಪಡೆದೆ. ಬಾಗಿಲಿನ ದೃಶ್ಯದಲ್ಲಿ ಮೊದಲು ಮೌನ, ಎರಡು ಸಲ ಸಾಲು ಓದುವಷ್ಟು ಉದ್ದದ ಮೌನ. ಉಳಿದ ಕಡೆಯೆಲ್ಲ ನಟರ ಮಾತಿಗಿಂತ ಮೊದಲು ನನ್ನ ದನಿ ಸಣ್ಣಗೆ ಕೇಳುತ್ತದೆ, ಇಲ್ಲಿ ಇಲ್ಲ. ಆಮೇಲೆ ದೂರದಿಂದ ಒಂದು “ಬರ್ಪೆ”. ಹತ್ತಿರದಿಂದ ದಯಾನಂದನ “ಬರ್ಪೆ”. ನಗು. “ಬಲ!” ಎಂಬ ಕೂಗು. ತುಳು ಬಲ್ಲವರೆಲ್ಲ ಆ ಮೊದಲ ಬರ್ಪೆಯನ್ನು ಕೇಳಿ, ಇದು ಅಪ್ಪಟ ತುಳುವರ ಬಾಯಿ, ಮೈಸೂರು ಸರ್ ಸತ್ತು ಹುಟ್ಟಿದರೂ ಹೀಗೆ ಹೇಳಲಾರರು ಎಂದರು. ನಾನು ನೂರು ಸಲ ಕೇಳಿದ್ದೇನೆ. ಕೆಲವೊಮ್ಮೆ ಅದು ವಸಂತನ ದನಿ. ಕೆಲವೊಮ್ಮೆ, ದೇವರಾಣೆ, ನನ್ನದೇ ದನಿ. ಆ ಸ್ವರದಿಂದ ಪತ್ತೆ ಮಾಡೋಣವೆಂದರೆ ನನ್ನ ಕಿವಿಗೆ ಎರಡು ಬರ್ಪೆಯೂ ಒಂದೇ. ಸಾಕ್ಷಿ ಕೈಯಲ್ಲೇ ಇದೆ, ಓದಲು ಬಾರದವನ ಕೈಯಲ್ಲಿ.

ಇಲ್ಲಿಗೆ ಮುಗಿದಿದ್ದರೆ ಕಾಕತಾಳೀಯ ಎಂದು ಹೇಳಿ ಒಂದು ದಿನ ಮರೆಯುತ್ತಿದ್ದೆನೋ ಏನೋ. ಅದಾಗಿ ಆರೇಳು ವರ್ಷಗಳಾಗಿದ್ದವು. ವಸಂತ ವರ್ಷಕ್ಕೊಮ್ಮೆ ಊರಿಗೆ ಹೋಗಿಬರುತ್ತಿದ್ದ. ಒಂದು ಮಧ್ಯಾಹ್ನ ಘಾಲಾದ ಕಚೇರಿಯಲ್ಲಿ ನನ್ನ ಮೇಜಿನ ಫೋನ್ ಹೊಡೆಯಿತು. ವಸಂತ, ವಿಮಾನ ನಿಲ್ದಾಣದಿಂದ. ಕಮಲಕ್ಕನಿಗೆ ಕಾಯಿಲೆ ತೀರ ಜೋರಾಗಿತ್ತು. ಶಶಿಕಲಾ ವಾರದ ಹಿಂದೆಯೇ ಹೋಗಿ ತಾಯಿಯ ಹತ್ತಿರ ಇದ್ದರು. ಎರಡು ದಿನದಿಂದ ಅವರು ಕಣ್ಣು ಬಿಟ್ಟಿಲ್ಲ, ಮಾತಿಲ್ಲ ಎಂದು ಸುದ್ದಿ ಬಂದಿತ್ತು. ಇವನು ಮುಂಬಯಿಗೆ ಹಾರಿ ಅಲ್ಲಿಂದ ಮಂಗಳೂರಿಗೆ ಹೋಗಬೇಕು, ಮನೆ ಮುಟ್ಟುವುದು ಮರುದಿನ. ತಂದೆಯ ಸಮಯದಲ್ಲಿ ಆದದ್ದೇ ಮತ್ತೆ ಆಗುತ್ತದೆ ಎಂಬ ಹೆದರಿಕೆ ಅವನ ದನಿಯಲ್ಲಿತ್ತು.

“ಸರ್, ಒಮ್ಮೆ ಅದು ಹೇಳಿ,” ಎಂದ.

ಯಾವುದು ಎಂದು ನಾನು ಕೇಳಲಿಲ್ಲ. ಪಕ್ಕದ ಮೇಜಿನವರು ತಲೆಯೆತ್ತಿ ನೋಡುತ್ತಿದ್ದರು. ನಾಚಿಕೆಯಾಯಿತು. ಆದರೂ ಆವತ್ತು ಹೇಳಿದ ಹಾಗೇ ಎರಡು ಸಲ ಹೇಳಿದೆ. “ಆಯೆ ಬರ್ಪೆ. ಆಯೆ ಬರ್ಪೆ.” ಎರಡನೆಯ ಸಲ ಸ್ವಲ್ಪ ಜೋರಾಗಿ. ಈ ಸಲ ನನ್ನ ದನಿ ನನಗೆ ಕೇಳಿಸಿತೇ ಎಂದು ನೀವು ಕೇಳಬಹುದು. ಆ ಹೊತ್ತಿಗೆ ಕಣ್ಣು ತುಂಬಿ ಬಂದಿತ್ತು, ನಾನು ಗಮನಿಸಲಿಲ್ಲ. ಇಂಥದ್ದನ್ನು ಗಮನಿಸದಿದ್ದರೆ ನಾನೆಂಥ ನಕ್ಷೆಗಾರ ಎಂದು ಇಂದಿಗೂ ನನ್ನನ್ನು ಬೈದುಕೊಳ್ಳುತ್ತೇನೆ. ಆ ಕಡೆ ಫೋನ್ ಇಟ್ಟ ಸದ್ದು ಬಂತು. ಗೋಡೆಯ ಗಡಿಯಾರ ಮೂರು ಗಂಟೆ ತೋರಿಸುತ್ತಿತ್ತು.

ವಸಂತ ಮರುದಿನ ಮಧ್ಯಾಹ್ನ ಮನೆ ಮುಟ್ಟಿದ. ಕಮಲಕ್ಕ ಇದ್ದರು. ಮಗನ ಮುಖ ನೋಡಿ “ಬಲ” ಎಂದರು. ಅವನ ಕೈಯಿಂದ ಎರಡು ಚಮಚ ನೀರು ಕುಡಿದರು. ಆ ರಾತ್ರಿ ಹೋದರು.

ತಿಂಗಳ ನಂತರ ಶಶಿಕಲಾ ಅಲ್ ಹೈಲ್‌ಗೆ ಹಿಂದಿರುಗಿದಾಗ ಮಾತಾಡಿಸಲು ಕೆಳಗೆ ಹೋದೆ. ನಾನು ಫೋನಿನ ವಿಷಯ ಎತ್ತಲಿಲ್ಲ. ವಸಂತನೂ ಅದನ್ನು ಅಕ್ಕನಿಗೆ ಹೇಳಿರಲಿಲ್ಲ. ಚಹಾ ಕೊಡುತ್ತ ಅವರೇ ಹೇಳಿದರು. ತಮ್ಮ ಬರುವ ಹಿಂದಿನ ದಿನ ಸಂಜೆ ನಾಲ್ಕೂವರೆ ಆಗಿರಬೇಕು, ಅಂದರೆ ಒಮಾನಿನ ಮೂರು ಗಂಟೆ. ಎರಡು ದಿನದಿಂದ ತುಟಿ ಅಲ್ಲಾಡಿಸದಿದ್ದ ಅಮ್ಮ ಇದ್ದಕ್ಕಿದ್ದಂತೆ ಮುಗುಳ್ನಕ್ಕರು. ಕಣ್ಣು ಮುಚ್ಚಿಕೊಂಡೇ ತುಳುವಿನಲ್ಲಿ ಒಂದು ಮಾತು ಹೇಳಿದರು. ಶಶಿಕಲಾ ಅದನ್ನು ನನಗಾಗಿ ಕನ್ನಡದಲ್ಲಿ ಹೇಳಿದರು:

“‘ಆ ಮೈಸೂರಿನವರಿಗೆ ಇನ್ನೂ ಸಮ ಹೇಳ್ಲಿಕ್ಕೆ ಬರುದಿಲ್ಲ ನೋಡು’ ಅಂದ್ರು ಸರ್.”

ನನಗೆ ಇಂದಿಗೂ ಬರುವುದಿಲ್ಲ.